ಮೈಲಿಗಲ್ಲು ಓದಲು ಬಾರದ ಕನ್ನಡಾಭಿಮಾನ!

ಕನ್ನಡದ ತಮ್ಮಂದಿರೇ, ತಂಗಿಯರೇ,

ನಿಮಗೆ ಸಿಟ್ಟು ಬರಲಿ ಎಂದೇ ಇದನ್ನು ಬರೆಯುತ್ತಿದ್ದೇನೆ. ನವೆಂಬರ್ ಬಂದರೆ ಕೊರಳಿಗೆ ಹಳದಿ-ಕೆಂಪು ಶಾಲು ಹಾಕಿಕೊಳ್ಳುವ, ಬೈಕಿನ ಹಿಂದೆ ಗಂಡಭೇರುಂಡ ಅಂಟಿಸಿಕೊಳ್ಳುವ, ಇಂಗ್ಲಿಷ್ ಬೋರ್ಡಿಗೆ ಮಸಿ ಬಳಿದು ಎದೆ ಉಬ್ಬಿಸುವ ನಿಮ್ಮನ್ನೇ ಕೇಳುತ್ತೇನೆ. ರಸ್ತೆ ಬದಿಯ ಮೈಲಿಗಲ್ಲನ್ನು ತಡವರಿಸದೆ ಓದಬಲ್ಲಿರಾ? ೬ ಯಾವುದು, ೯ ಯಾವುದು, ಥಟ್ಟನೆ ಹೇಳಬಲ್ಲಿರಾ?

ಇದೇನು ಒಂದನೇ ಕ್ಲಾಸಿನ ಪ್ರಶ್ನೆ ಎಂದು ನಗಬೇಡಿ. ಇದೇ ಪ್ರಶ್ನೆಯಲ್ಲಿ ನಮ್ಮ ಮಾನ ಹರಾಜಾದ ಕಥೆ ಕೇಳಿ.

ಹೋದ ತಿಂಗಳು ಒಂದು ಭಾನುವಾರ ನಾವು ಐದು ಜನ ಬೆಂಗಳೂರಿನಿಂದ ಮೈಸೂರಿಗೆ ಒಂದು ಗೃಹಪ್ರವೇಶಕ್ಕೆ ಹೊರಟೆವು. ನಾನು, ಪ್ರೆಸ್ಸಿಗೆ ಕಾಗದ ಕೊಡುವ ಗೆಳೆಯ, ಬೈಂಡಿಂಗ್ ಮೇಸ್ತ್ರಿ, ಬ್ಯಾಂಕಿನಿಂದ ನಿವೃತ್ತರಾದ ಹಿರಿಯರೊಬ್ಬರು, ಮತ್ತೆ ಕಾಗದದ ಗೆಳೆಯನ ಮಗ. ಹುಡುಗನಿಗೆ ಇಪ್ಪತ್ತು ವರ್ಷ. ಡಿಗ್ರಿ ಓದುತ್ತಿದ್ದಾನೆ. ವ್ಯಾನಿನ ಗಾಜಿಗೆ ಕನ್ನಡ ಬಾವುಟ ಅಂಟಿಸಿದವನು ಅವನೇ. ನಮ್ಮ ಪತ್ರಿಕೆಯನ್ನು ಕಾಲೇಜಿನಲ್ಲಿ ಹಂಚುವವನೂ ಅವನೇ. ಒಳ್ಳೆಯ ಹುಡುಗ, ಅದರಲ್ಲಿ ಅನುಮಾನವಿಲ್ಲ.

ದಾರಿಯಲ್ಲಿ ಒಂದು ಟೋಲ್ ಕಟ್ಟೆ. ಫಾಸ್ಟ್‌ಟ್ಯಾಗ್ ಓದಲಿಲ್ಲ. ಅಲ್ಲಿದ್ದವನು ಹಿಂದಿಯಲ್ಲಿ ಏನೋ ಕೇಳಿದ. ಅವನ ಮೇಲೆ ನನಗೆ ಸಿಟ್ಟಿಲ್ಲ. ಎಲ್ಲಿಂದಲೋ ಹೊಟ್ಟೆಪಾಡಿಗೆ ಬಂದ ಬಡಪಾಯಿ, ಅವನಿಗೆ ನಾಲ್ಕು ಕನ್ನಡ ಮಾತು ಕಲಿಸದೆ ಕೂರಿಸಿದವರದು ತಪ್ಪು. ಆದರೆ ನಮ್ಮ ಬಾವುಟದ ಹುಡುಗ ಏನು ಮಾಡಿದ ಗೊತ್ತೇ? ಸಲೀಸಾಗಿ ಹಿಂದಿಯಲ್ಲೇ ಉತ್ತರ ಕೊಟ್ಟ! ಅವನು ಕನ್ನಡ ಕಲಿಯುವುದಾದರೂ ಯಾರಿಂದ?

ಮುಂದೆ ಹೋದರೆ ಗಾಡಿಗಳು ಸಾಲುಗಟ್ಟಿ ನಿಂತಿವೆ. ಅರ್ಧ ಗಂಟೆ ಕಾದೆವು, ಮುಕ್ಕಾಲು ಗಂಟೆ ಕಾದೆವು. ಕೊನೆಗೆ ದೊಡ್ಡ ರಸ್ತೆಯ ಸಹವಾಸ ಸಾಕೆಂದು ಮದ್ದೂರಿನ ಕಡೆ ಇಳಿದು ವಡೆ ತಿಂದೆವು. ಅಷ್ಟು ಹೊತ್ತಿಗೆ ಗೃಹಪ್ರವೇಶದ ಊಟದ ಹೊತ್ತೂ ಮೀರಿತ್ತು. 'ಇನ್ನು ಮೈಸೂರೇನು, ಮಳವಳ್ಳಿ ಮೇಲೆ ಕೊಳ್ಳೇಗಾಲದ ಕಡೆ ಒಂದು ಸುತ್ತು ಹಾಕೋಣ' ಎಂದರು ಮೇಸ್ತ್ರಿ. ಯಾರಿಗೂ ಯೋಜನೆಯಿಲ್ಲ, ಆತುರವಿಲ್ಲ. ಸತ್ತೇಗಾಲದ ಹತ್ತಿರ ಕಾವೇರಿ ದಾಟಿದೆವು. ಕೊಳ್ಳೇಗಾಲ ಕಳೆದ ಮೇಲೆ ಅಲ್ಲಿಯೂ ದೊಡ್ಡ ರಸ್ತೆ ಬೇಡವೆಂದು ಹಳ್ಳಿ ದಾರಿ ಹಿಡಿದೆವು. ಎಡಗಡೆ ದೂರದಲ್ಲಿ ಬಿಳಿಗಿರಿರಂಗನ ಬೆಟ್ಟ, ಬಲಗಡೆ ಭತ್ತದ ಗದ್ದೆ.

ಹುಡುಗ ಮೊಬೈಲ್ ನೋಡಿ ದಾರಿ ಹೇಳುತ್ತಿದ್ದ. 'ಅಂಕಲ್, ಮುಂದೆ ಯೆಲಾಂಡರ್ ಬರುತ್ತೆ' ಎಂದ. ಯಾವ ದೇಶದ ಊರಪ್ಪಾ ಇದು ಎಂದು ನಾನು ಕಕ್ಕಾಬಿಕ್ಕಿ. ನೋಡಿದರೆ ನಮ್ಮ ಯಳಂದೂರು! ಷಡಕ್ಷರಿ ಕವಿಯ ಹೆಸರಿನೊಂದಿಗೆ ಬೆಸೆದುಕೊಂಡ ಊರು. ಅದು ಇಂಗ್ಲಿಷಿನ ಬಾಯಿಗೆ ಬಿದ್ದು ನಮ್ಮ ಹುಡುಗನ ಬಾಯಿಂದ ಯೆಲಾಂಡರ್ ಆಗಿ ಹೊರಬಂದಿತ್ತು.

ಸ್ವಲ್ಪ ಹೊತ್ತಿಗೆ ಸಿಗ್ನಲ್ ಹೋಯಿತು. ಮೊಬೈಲು ಮೂಕವಾಯಿತು. ಕವಲು ದಾರಿಯಲ್ಲಿ ಒಂದು ಹಳೆಯ ಕಲ್ಲು. ಅದರ ಮೇಲೆ 'ಯಳಂದೂರು ೯' ಎಂದಿತ್ತು. ಹುಡುಗ ಇಳಿದು ನೋಡಿ ಬಂದು, 'ಆರು ಇರಬೇಕು ಅಂಕಲ್... ಅಥವಾ ಅದು ನಂಬರ್ ಅಲ್ಲವೇನೋ' ಎಂದ!

ಇವನು ಇಂಗ್ಲಿಷ್ ಬೋರ್ಡಿಗೆ ಮಸಿ ಬಳಿಯುವವನು. ಕನ್ನಡ ಕಲ್ಲಿನ ಮುಂದೆ ನಿರಕ್ಷರಿ!

ದಾರಿ ಕೇಳುವ ಕನ್ನಡ

ದನ ಮೇಯಿಸುತ್ತಿದ್ದ ಹಿರಿಯರೊಬ್ಬರು ಸಿಕ್ಕರು. 'ದಾರಿ ತಪ್ಪುದ್ರಾ ಸಾಮಿ? ಈ ಕೆರೆ ಏರಿ ಮ್ಯಾಲೆ ಹೋಗಿ, ಕೋಡಿ ದಾಟ್ಕಂಡು ಎಡಕ್ಕ ತಿರ್ಗಿ. ಮಾರಮ್ಮನ ಗುಡಿ ಸಿಕ್ತದ. ಅಲ್ಲಿಂದ ಒಂದು ಕೂಗಳತೆ ಅಷ್ಟೇಯ' ಎಂದರು. ಹುಡುಗ ನನ್ನ ಮುಖ ನೋಡಿದ. ಏರಿ ಅಂದರೇನು? ಕೋಡಿ ಅಂದರೇನು? ಕೂಗಳತೆ ಎಷ್ಟು ಕಿಲೋಮೀಟರ್?

ಕೆರೆಗೆ ಕಟ್ಟಿದ ಮಣ್ಣಿನ ಒಡ್ಡು ಏರಿ. ತುಂಬಿದ ಕೆರೆಯ ಹೆಚ್ಚಿನ ನೀರು ಹರಿದುಹೋಗುವ ಜಾಗ ಕೋಡಿ. ಒಬ್ಬನು ಕೂಗಿದರೆ ಇನ್ನೊಬ್ಬನಿಗೆ ಕೇಳಿಸುವಷ್ಟು ದೂರ ಕೂಗಳತೆ. ಕೆರೆ ಕಟ್ಟಿ ಬಾಳಿದ ನಾಡಿನ ಮಾತುಗಳಿವು. ಬೆಂಗಳೂರಿನಲ್ಲಿ ಕೆರೆ ನುಂಗಿ ಬಡಾವಣೆ ಮಾಡಿದೆವು. ಕೆರೆಯ ಜೊತೆ ಏರಿಯೂ ಹೋಯಿತು, ಕೋಡಿಯೂ ಹೋಯಿತು, ಆ ಮಾತುಗಳೂ ಹೋದವು. ಇದಕ್ಕೆ ಯಾವ ಪರಭಾಷಿಕನನ್ನು ಬೈಯುತ್ತೀರಿ?

ದೊಡ್ಡ ರಸ್ತೆಯಲ್ಲಿ ದಾರಿ ಕೇಳುವ ಪ್ರಸಂಗವೇ ಇಲ್ಲ. ಎರಡೂ ಕಡೆ ಬೇಲಿ, ಮೊಬೈಲಿನಲ್ಲಿ ಇಂಗ್ಲಿಷ್ ಹೆಂಗಸಿನ ದನಿ. ಬೆಂಗಳೂರಿನಿಂದ ಮೈಸೂರಿಗೆ ಒಂದೇ ಒಂದು ಕನ್ನಡ ಮಾತಾಡದೆ ಹೋಗಿ ಬರಬಹುದು. ಅದಕ್ಕೇ ಹೇಳುತ್ತೇನೆ, ಆಗಾಗ ಹಳ್ಳಿ ದಾರಿಗೆ ಇಳಿಯಿರಿ. ಮೈಲಿಗಲ್ಲಿನ ತಲೆ ಹಳದಿ ಇದ್ದರೆ ರಾಷ್ಟ್ರೀಯ ಹೆದ್ದಾರಿ, ಹಸಿರು ಇದ್ದರೆ ರಾಜ್ಯ ಹೆದ್ದಾರಿ, ಕಿತ್ತಳೆ ಬಣ್ಣವಿದ್ದರೆ ಹಳ್ಳಿ ರಸ್ತೆ. ಕಿತ್ತಳೆ ತಲೆಯ ಕಲ್ಲಿನ ದಾರಿಯಲ್ಲಿ ಬಾಯಿ ಬಿಡದೆ ಊರು ಸೇರಲಾರಿರಿ.

ಗಡಿಯಾಚೆಯ ಚಹಾದಂಗಡಿ

ಯಳಂದೂರು ಆಯಿತು, ಚಾಮರಾಜನಗರ ಆಯಿತು. ಅಲ್ಲಿಂದ ಸಣ್ಣ ರಸ್ತೆಯಲ್ಲೇ ದಕ್ಷಿಣಕ್ಕೆ ಹೋಗುತ್ತಾ ಹೋಗುತ್ತಾ ತಾಳವಾಡಿ ಸೇರಿದೆವು. ಗಡಿ ದಾಟಿದ್ದು ನಮಗೆ ಗೊತ್ತಾದದ್ದು ಬೋರ್ಡಿನ ಲಿಪಿಯಿಂದ. ಜನರ ಮಾತಿನಿಂದಲ್ಲ!

ತಾಳವಾಡಿ ಈಗ ತಮಿಳುನಾಡಿನ ಈರೋಡ್ ಜಿಲ್ಲೆಯಲ್ಲಿದೆ. ನಿಮ್ಮಲ್ಲಿ ಎಷ್ಟು ಜನರಿಗೆ ಈ ಇತಿಹಾಸ ಗೊತ್ತು? ೧೯೫೬ಕ್ಕೆ ಮೊದಲು ಕೊಳ್ಳೇಗಾಲವೂ ಮದರಾಸು ರಾಜ್ಯದ ಕೊಯಮತ್ತೂರು ಜಿಲ್ಲೆಯಲ್ಲೇ ಇತ್ತು. ರಾಜ್ಯಗಳ ಪುನರ್ವಿಂಗಡಣೆಯಲ್ಲಿ ಕೊಳ್ಳೇಗಾಲ ನಮ್ಮ ಕಡೆ ಬಂತು, ತಾಳವಾಡಿ ಆ ಕಡೆ ಉಳಿಯಿತು. ಡಾ. ರಾಜ್ ಅವರ ಗಾಜನೂರು ಇರುವುದು ಅಲ್ಲೇ. ೨೦೦೦ನೇ ಇಸವಿ ಜುಲೈ ೩೦ರಂದು ಅಣ್ಣಾವ್ರನ್ನು ಗಾಜನೂರಿನ ಮನೆಯಿಂದ ವೀರಪ್ಪನ್ ಎತ್ತಿಕೊಂಡು ಹೋದಾಗ, ೧೦೮ ದಿನ ಆ ಊರಿನ ಹೆಸರು ನಮ್ಮ ಬಾಯಲ್ಲಿತ್ತು. ಆಮೇಲೆ? ಮರೆತೆವು.

ಒಂದು ಚಹಾದಂಗಡಿ. ನಡೆಸುತ್ತಿದ್ದ ಹೆಣ್ಣುಮಗಳು ಅಚ್ಚ ಕನ್ನಡದಲ್ಲಿ ಮಾತಾಡಿಸಿದರು. ಗೋಡೆಯ ಮೊಳೆಗೆ ನಾಲ್ಕಾರು ಲಗ್ನಪತ್ರಿಕೆ ಸಿಕ್ಕಿಸಿತ್ತು. ಕಸುಬಿನ ಚಾಳಿ, ಹೋಗಿ ನೋಡಿದೆ. ಕಾಗದ ತೆಳು, ಬಣ್ಣ ಒಂದೇ. ಆದರೆ ಕನ್ನಡದಲ್ಲಿತ್ತು! ಗಡಿಯಾಚೆಯ ಬಡವರ ಮನೆಯ ಮದುವೆ ಕನ್ನಡದಲ್ಲಿ ಕರೆಯುತ್ತಿತ್ತು.

'ಮನೇಲಿ ನಾವು ಕನ್ನಡನೇ ಕನಣ್ಣ. ಹೈಕ್ಳು ಸ್ಕೂಲಲ್ಲಿ ತಮಿಳು ಕಲೀಬೇಕು, ಸರ್ಕಾರದ ರೂಲ್ಸು' ಎಂದರು ಆಕೆ. ಹೈಕ್ಳು ಅಂದರೆ ಮಕ್ಕಳು ಎಂದು ನಾನು ಹುಡುಗನ ಕಿವಿಯಲ್ಲಿ ಹೇಳಬೇಕಾಯಿತು. ಆಕೆ ಅವನನ್ನೇ ನೋಡಿ ಕೇಳಿದರು: 'ನೀನು ಯಾವುದ್ರಲ್ಲಿ ಓದ್ದೆ ಮಗ?'

'ಇಂಗ್ಲಿಷ್ ಮೀಡಿಯಂ ಅಕ್ಕ.'

'ಕನ್ನಡ?'

'ಥರ್ಡ್ ಲ್ಯಾಂಗ್ವೇಜ್.'

ಆಕೆ ಸಕ್ಕರೆ ಕಲಕುತ್ತಾ ಅಂದರು: 'ನಮಗಾದ್ರೆ ಗೌರ್ಮೆಂಟು ಬಲವಂತ ಮಾಡ್ತದ. ನಿಮಗ ಅಲ್ಲಿ ಯಾರಪ್ಪ ಬಲವಂತ ಮಾಡುದ್ರು?'

ವ್ಯಂಗ್ಯವಿರಲಿಲ್ಲ ಆ ಮಾತಿನಲ್ಲಿ. ನಿಜವಾಗಿಯೂ ತಿಳಿಯದೆ ಕೇಳಿದರು. ಐದು ಜನರಲ್ಲಿ ಒಬ್ಬರಿಗೂ ಉತ್ತರ ಹೊಳೆಯಲಿಲ್ಲ. ಚಹಾ ಗಂಟಲಲ್ಲಿ ಇಳಿಯಲಿಲ್ಲ.

ಯಾರು ಬಲವಂತ ಮಾಡಿದರು?

ತಮ್ಮಂದಿರೇ, ಈ ಪ್ರಶ್ನೆಗೆ ಉತ್ತರ ಕೊಡಿ. ತಮಿಳುನಾಡು ೨೦೦೬ರಲ್ಲಿ ಕಾಯಿದೆ ಮಾಡಿ ಶಾಲೆಗಳಲ್ಲಿ ತಮಿಳು ಕಡ್ಡಾಯ ಮಾಡಿತು. ಅಲ್ಲಿನ ಭಾಷಾ ಅಲ್ಪಸಂಖ್ಯಾತರು ಕೋರ್ಟಿನ ಮೆಟ್ಟಿಲು ಹತ್ತಬೇಕಾಯಿತು. ನಾವೂ ೨೦೧೫ರಲ್ಲಿ ಕಾಯಿದೆ ಮಾಡಿ ನಮ್ಮ ಶಾಲೆಗಳಲ್ಲಿ ಕನ್ನಡವನ್ನು ಒಂದು ಭಾಷೆಯಾಗಿ ಕಲಿಸಲೇಬೇಕು ಎಂದೆವು. ಸರಿಯಾಗೇ ಮಾಡಿದೆವು. ನಾಡಿನಲ್ಲಿ ಬಾಳುವವರು ನಾಡಿನ ಭಾಷೆ ಕಲಿಯಲಿ, ಅಲ್ಲಿಯೂ ಕಲಿಯಲಿ, ಇಲ್ಲಿಯೂ ಕಲಿಯಲಿ. ಆದರೆ ತಾಯಿನುಡಿಯನ್ನು ಕಿತ್ತುಕೊಂಡು ಅಲ್ಲ. ಪ್ರಾಥಮಿಕ ಹಂತದಲ್ಲಿ ಅಲ್ಪಸಂಖ್ಯಾತ ಮಕ್ಕಳಿಗೆ ತಾಯಿನುಡಿಯಲ್ಲಿ ಕಲಿಯುವ ಅನುಕೂಲ ಒದಗಿಸಬೇಕೆಂದು ಸಂವಿಧಾನದ ೩೫೦-ಎ ವಿಧಿಯೇ ಹೇಳುತ್ತದೆ. ತಾಳವಾಡಿಯ ಮಕ್ಕಳಿಗಾಗಿ ಆ ವಿಧಿ ಹಿಡಿದು ಕೇಳುವ ಬಾಯಿ ಬೆಂಗಳೂರಿನಲ್ಲಿ ಎಷ್ಟಿವೆ?

ಅಂಕಿಯ ಮಾತಿಗೆ ಬನ್ನಿ. ಅಂತರರಾಷ್ಟ್ರೀಯ ಅಂಕಿ ಬಳಸಬೇಕೆಂದು ಸಂವಿಧಾನದ ೩೪೩ನೇ ವಿಧಿ ಹೇಳುವುದು ಕೇಂದ್ರದ ಆಡಳಿತಕ್ಕೆ. ರಾಜ್ಯದ ಆಡಳಿತಕ್ಕಲ್ಲ. ೩೪೫ನೇ ವಿಧಿ ರಾಜ್ಯಕ್ಕೆ ತನ್ನ ಆಡಳಿತ ಭಾಷೆ ಆರಿಸಿಕೊಳ್ಳುವ ಅಧಿಕಾರ ಕೊಟ್ಟಿದೆ. ೧೯೬೩ರಲ್ಲೇ ಆಡಳಿತ ಭಾಷಾ ಕಾಯಿದೆ ಬಂತು. ೧೯೮೨ರಲ್ಲಿ ಗೋಕಾಕ್ ವರದಿಗಾಗಿ ಅಣ್ಣಾವ್ರೇ ಬೀದಿಗಿಳಿದರು. ನಾಮಫಲಕದಲ್ಲಿ ಶೇಕಡಾ ೬೦ ಕನ್ನಡವಿರಬೇಕೆಂದು ೨೦೨೪ರಲ್ಲಿ ಕಾಯಿದೆ ತಿದ್ದಿದ್ದೂ ಆಯಿತು. ಕಾಯಿದೆಗೇನು ಬರ? ಆ ಶೇಕಡಾ ೬೦ನ್ನು ಓದುವ ಕಣ್ಣಿಗೆ ಬರ!

ನಾನೇನೂ ಸಾಚಾ ಅಲ್ಲ. ಅಪ್ಪನ ಕಾಲದಲ್ಲಿ ನಮ್ಮ ಪ್ರೆಸ್ಸಿನಲ್ಲಿ ಅಚ್ಚುಮೊಳೆ ಜೋಡಿಸುತ್ತಿದ್ದರು. ಕೇಸಿನಲ್ಲಿ ಕನ್ನಡ ಅಂಕಿಗಳಿಗೆ ಬೇರೆ ಗೂಡು. ಆರು-ಒಂಬತ್ತು ಅದಲು ಬದಲು ಮಾಡಿ ನಾನು ಅಪ್ಪನ ಕೈಲಿ ಏಟು ತಿಂದಿದ್ದೇನೆ. ಈಗ? ಬಸವನಗುಡಿಯವರೂ ಮಲ್ಲೇಶ್ವರದವರೂ ಬಂದು 'ಇಂಗ್ಲಿಷ್‌ನಲ್ಲಿ ಹಾಕಿ, ಕನ್ನಡ ಬೇಕಾದರೆ ಒಂದು ಐವತ್ತು ಸೇರಿಸಿ, ಅಜ್ಜಿಗೆ' ಎನ್ನುತ್ತಾರೆ. ನಾನು ಬಾಯಿ ಮುಚ್ಚಿಕೊಂಡು ಅಡ್ವಾನ್ಸ್ ತೆಗೆದುಕೊಳ್ಳುತ್ತೇನೆ. ಅದೇ ಮೆಷಿನ್ನಿನಲ್ಲಿ ರಾತ್ರಿ ನಿಮ್ಮ ಹೋರಾಟದ ಕರಪತ್ರವನ್ನೂ ಅಚ್ಚು ಹಾಕುತ್ತೇನೆ. ನನ್ನ ಮಗಳು ಓದುತ್ತಿರುವುದೂ ಇಂಗ್ಲಿಷ್ ಮೀಡಿಯಂನಲ್ಲೇ. ಆ ಹೆಣ್ಣುಮಗಳ ಪ್ರಶ್ನೆ ಮೊದಲು ತಗುಲಿದ್ದು ಹುಡುಗನಿಗಲ್ಲ, ನನಗೆ.

ಇಂಗ್ಲಿಷ್ ಬೇಡ ಎಂದು ನಾನು ಹೇಳುತ್ತಿಲ್ಲ. ಅನ್ನಕ್ಕೆ ಬೇಕು, ಕಲಿಯಿರಿ, ಚೆನ್ನಾಗಿಯೇ ಕಲಿಯಿರಿ. ಆದರೆ ಅನ್ನ ತಿಂದ ತಟ್ಟೆಯಲ್ಲೇ ತಾಯಿಯ ಮಾತನ್ನು ತೊಳೆದು ಚೆಲ್ಲಬೇಕೆಂದು ಯಾವ ಕಂಪನಿ ಹೇಳಿದೆ? ಒಂದೇ ಒಂದು ಲಗ್ನಪತ್ರಿಕೆಯನ್ನು ಇಂಗ್ಲಿಷಿನಲ್ಲೇ ಹಾಕಿಸಬೇಕೆಂದು ಯಾವ ಸರ್ಕಾರ ಆಜ್ಞೆ ಹೊರಡಿಸಿದೆ? ಅವರದು ಬಲವಂತ, ನಮ್ಮದು ಸೋಮಾರಿತನ. ಬಲವಂತದ ವಿರುದ್ಧ ಹೋರಾಡಬಹುದು. ಸೋಮಾರಿತನದ ವಿರುದ್ಧ ಯಾರ ಮನೆ ಮುಂದೆ ಧರಣಿ ಕೂರುತ್ತೀರಿ?

ಮಾಡಬೇಕಾದ್ದು ಇಷ್ಟು

ಹತ್ತು ಅಂಕಿ ಕಲಿಯಿರಿ. ಒಂದು ಸಂಜೆ ಸಾಕು. ಮೊಬೈಲಿನ ಕನ್ನಡ ಕೀಲಿಮಣೆಯಲ್ಲೂ ಅವು ಇವೆ. ಊರಿನ ಹೆಸರನ್ನು ಇಂಗ್ಲಿಷಿನಿಂದ ಓದಬೇಡಿ, ಆ ಊರಿನವರ ಬಾಯಿಂದ ಕೇಳಿ ಕಲಿಯಿರಿ. ಬೋರ್ಡಿನಲ್ಲಿ ಹೆಸರು ಕೆಟ್ಟಿದ್ದರೆ ಫೋಟೋ ತೆಗೆದು ನಗುವುದಲ್ಲ, ಸಂಬಂಧಪಟ್ಟ ಇಲಾಖೆಗೆ ಕನ್ನಡದಲ್ಲಿ ಅರ್ಜಿ ಬರೆಯಿರಿ, ಉತ್ತರ ಬರುವವರೆಗೂ ಬಿಡಬೇಡಿ. ಹಳೆಯ ಕಲ್ಲು ಕಿತ್ತು ಹೊಸದು ನೆಡುವಾಗ ಕನ್ನಡ ಅಂಕಿ ಉಳಿಸಿ ಎಂದು ಕೇಳಿ. ಟೋಲ್ ಕಟ್ಟೆಯಲ್ಲಿ ಕನ್ನಡದಲ್ಲೇ ಮಾತಾಡಿ. ಜಗಳ ಬೇಡ, ಬೈಗುಳ ಬೇಡ. ಮನೆಯಲ್ಲಿ ಮದುವೆಯಾದರೆ ಕರೆಯೋಲೆ ಕನ್ನಡದಲ್ಲಿರಲಿ. ಇಂದಿನಿಂದ ನನ್ನ ಪ್ರೆಸ್ಸಿನಲ್ಲಿ ಕನ್ನಡ ಲಗ್ನಪತ್ರಿಕೆಗೆ ಜೋಡಣೆಯ ಕೂಲಿ ಇಲ್ಲ. ನನ್ನ ತಪ್ಪಿಗೆ ನಾನೇ ಹಾಕಿಕೊಂಡ ದಂಡ ಇದು.

ವಾಪಸು ಬರುವಾಗ ಕತ್ತಲಾಗಿತ್ತು. ದೀಪದ ಬೆಳಕಿಗೆ ಕಲ್ಲು ಬಂದಾಗಲೆಲ್ಲ ಹುಡುಗ ಗಟ್ಟಿಯಾಗಿ ಓದುತ್ತಿದ್ದ. ಎರಡು ಸಲ ತಪ್ಪಿದ, ಮೂರನೇ ಸಲ ತಪ್ಪಲಿಲ್ಲ.

ಈಗ ನಿಮ್ಮ ಸರದಿ. ಈ ಲೇಖನದಲ್ಲಿರುವ ಇಸವಿಗಳನ್ನು ಓದುವಾಗ ನಿಮ್ಮ ಕಣ್ಣು ಎಲ್ಲಾದರೂ ಮುಗ್ಗರಿಸಿತೇ? ನಿಜ ಹೇಳಿ. ಮುಗ್ಗರಿಸಿದ್ದರೆ ಮಸಿಯ ಡಬ್ಬ ಕೆಳಗಿಡಿ. ಮೊದಲು ಸ್ಲೇಟು-ಬಳಪ ಹಿಡಿಯಿರಿ!

ಸಿರಿಗನ್ನಡಂ ಗೆಲ್ಗೆ!