ಮಾರಾಟದ ಸಂಖ್ಯೆಯೊಂದೇ ಅಳತೆಗೋಲೇ?

ಹಬ್ಬದ ಹಂಗಾಮು ಮುಗಿದೊಡನೆ ಇಳಕಲ್ ಪೇಟೆಯಲ್ಲಿ ಕೇಳಿಬರುವ ಪ್ರಶ್ನೆ, ‘ಎಷ್ಟು ಸೀರೆ ಹೋದವು?’ ಯಂತ್ರಮಗ್ಗದ ಸೀರೆ ಹೆಚ್ಚು ಹೋಗಿದ್ದರೆ ಕೈಮಗ್ಗದ ಕಾಲ ಮುಗಿಯಿತೆಂದು ವರ್ತಕರಾದ ನಾವೇ ತೀರ್ಪಿತ್ತುಬಿಡುತ್ತೇವೆ. ಈ ಹೋಲಿಕೆ ಸರಿಯಲ್ಲ.

ದೂರದ ಉದ್ಯಮವೊಂದರ ನಿದರ್ಶನ ಇಲ್ಲಿ ಉಪಯುಕ್ತ. 1982ರಲ್ಲಿ ಅಮೆರಿಕದ ಅಟಾರಿ ಕಂಪನಿಯು ‘ಇ.ಟಿ.’ ಚಲನಚಿತ್ರವನ್ನಾಧರಿಸಿದ ವಿಡಿಯೋ ಗೇಮನ್ನು ಮಾರುಕಟ್ಟೆಗೆ ತಂದಿತು. 10 ಲಕ್ಷಕ್ಕೂ ಮೀರಿ ಪ್ರತಿಗಳು ಮಾರಾಟವಾದವು. ಲಾಭ ತಂದ ಎಷ್ಟೋ ಆಟಗಳು ಅಷ್ಟು ಮಾರಾಟ ಕಂಡಿಲ್ಲ. ಆದರೂ ಅದು ನಷ್ಟದ ಬಾಬ್ತೇ ಆಯಿತು. ಚಿತ್ರದ ಹಕ್ಕಿಗೆ ತೆತ್ತ ಭಾರಿ ಮೊತ್ತ, ಬೇಡಿಕೆ ಮೀರಿದ ತಯಾರಿಕೆ, ಅಂಗಡಿಗಳಿಂದ ಮರಳಿದ ಮಾಲು ಇವಾವುವೂ ಮಾರಾಟದ ಅಂಕಿಯಲ್ಲಿ ಕಾಣುವಂಥವಲ್ಲ. ಉಳಿದ ಸರಕಿನ ಒಂದು ಭಾಗವನ್ನು 1983ರಲ್ಲಿ ನ್ಯೂ ಮೆಕ್ಸಿಕೋದಲ್ಲಿ ಹೂಳಲಾಯಿತು. 2014ರಲ್ಲಿ ಅಗೆದು ತೆಗೆದರು.

ನಮ್ಮಲ್ಲಿಯೂ ಉದ್ರಿ ಕೊಟ್ಟ ಮಾಲು ‘ಹೋದ’ ಲೆಕ್ಕಕ್ಕೇ ಸೇರುತ್ತದೆ. (ವಸೂಲಿಯ ಮಾತು ಬೇರೆ!) ಮೈ ಮತ್ತು ಸೆರಗಿನ ಹಾಸುಗಳನ್ನು ಕೊಂಡಿ ಹಾಕಿ ಜೋಡಿಸಿ ನೇಯುವ ಕೈಮಗ್ಗದ ಸೀರೆಯನ್ನು ಯಂತ್ರಮಗ್ಗದ ಸೀರೆಯೊಡನೆ ನಗಕ್ಕೆ ನಗವಾಗಿ ತೂಗುವುದೆಂತು? ನೂಲಿನ ಬೆಲೆ, ನೇಕಾರರ ಮಜೂರಿ, ಬಂಡವಾಳ ಸಿಲುಕಿದ ದಿನಗಳು, ಕೈಸೇರಿದ ನಗದು ಇವನ್ನು ಪಕ್ಕದಲ್ಲಿಟ್ಟು ನೋಡಬೇಕು. ಗುಳೇದಗುಡ್ಡದ ಖಣಕ್ಕೂ ಇದೇ ಮಾತು. ಬರುವ ದೀಪಾವಳಿಗೆ ಮುನ್ನ ಸದಸ್ಯರು ತಮ್ಮ ಖಾತೆಯಲ್ಲಿ ‘ಮರಳಿದ ಮಾಲು’ ಎಂಬ ಪ್ರತ್ಯೇಕ ಕಾಲಂ ತೆರೆಯಲಿ.