ಲೈಸೆನ್ಸಿಗೆ ಗಂಟು ಹಾಕಿದರೆ ಶಾಲೆ ಉಳಿದೀತೆ?

ಶಾಲೆ ಬಿಟ್ಟ ಹುಡುಗನಿಗೆ ಗಾಡಿ ಓಡಿಸುವ ಲೈಸೆನ್ಸ್ ಕೊಡಕೂಡದು, ಆಗ ಎಲ್ಲರೂ ತೆಪ್ಪಗೆ ಬೆಂಚಿನ ಮೇಲೆ ಕೂತು ಓದುತ್ತಾರೆ ಎಂಬ ಮಾತು ಹೊಸಪೇಟೆಯ ಸಭ್ಯ ಗೃಹಸ್ಥರ ಬಾಯಲ್ಲಿ ಆಗಾಗ ಕೇಳಿಬರುತ್ತದೆ. ಮಗನ ಬೈಕಿಗೆ ಪೆಟ್ರೋಲ್ ಹಾಕಿಸಿ ಕಾಲೇಜಿಗೆ ಕಳಿಸುವ ಮನೆಯವರಿಗೆ ಇದು ನ್ಯಾಯವಾಗಿಯೇ ಕಾಣುತ್ತದೆ. ಆದರೆ ಸಂಡೂರಿನ ಅದಿರು ಲಾರಿಗೆ ಕ್ಲೀನರ್ ಆಗಿ ಹತ್ತುವ ಹುಡುಗನನ್ನೂ, ಕಂಪ್ಲಿಯ ಗದ್ದೆಯಿಂದ ಕಬ್ಬಿನ ಟ್ರಾಕ್ಟರ್ ಹೊರಡಿಸುವ ಹುಡುಗನನ್ನೂ ಇವರಲ್ಲಿ ಯಾರು ಕೇಳಿ ನೋಡಿದ್ದಾರೆ?

ಈ ಉಪಾಯ ಹೊಸದಲ್ಲ. ಅಮೆರಿಕೆಯ ವೆಸ್ಟ್ ವರ್ಜೀನಿಯಾ ರಾಜ್ಯ 1988ರಲ್ಲೇ ಇಂಥ ಕಾನೂನು ತಂದಿತು; 18 ತುಂಬುವ ಮೊದಲು ಶಾಲೆ ಬಿಟ್ಟವನ ಲೈಸೆನ್ಸ್ ಹೋಯಿತು. ಬೇರೆ ರಾಜ್ಯಗಳೂ ಅದನ್ನು ಅನುಸರಿಸಿದವು. ಅಲ್ಲಿ ಮನೆಮನೆಗೆ ಕಾರು, ಹುಡುಗನಿಗೆ ಕಾರೆಂದರೆ ಸ್ವಾತಂತ್ರ್ಯ. ನಮ್ಮ ಹುಡುಗನಿಗೆ ಸ್ಟೇರಿಂಗ್ ಎಂದರೆ ಕೂಲಿ. ಶೋಕಿಯನ್ನು ಕಿತ್ತುಕೊಳ್ಳುವುದು ಒಂದು ಮಾತು, ಅನ್ನವನ್ನು ಕಿತ್ತುಕೊಳ್ಳುವುದು ಇನ್ನೊಂದು ಮಾತು.

ನಮ್ಮ ದೇಶವೂ ಇದನ್ನು ಮಾಡಿ ನೋಡಿದೆ. ಲಾರಿ, ಬಸ್ಸು, ಆಟೋದಂಥ ಸಾರಿಗೆ ವಾಹನದ ಲೈಸೆನ್ಸ್ ಬೇಕಾದರೆ ಎಂಟನೇ ತರಗತಿ ಪಾಸಾಗಿರಬೇಕು ಎಂಬ ನಿಯಮ 2007ರಲ್ಲಿ ಜಾರಿಗೆ ಬಂತು. 2019ರಲ್ಲಿ ಕೇಂದ್ರ ಸರ್ಕಾರವೇ ಅದನ್ನು ತೆಗೆದುಹಾಕಿತು. ಹರಿಯಾಣದ ಹಿಂದುಳಿದ ಮೇವಾತ್ ಪ್ರದೇಶದ ಚಾಲಕರಿಗಾಗಿ ಅಲ್ಲಿಯ ಸರ್ಕಾರ ವಿನಾಯಿತಿ ಕೇಳಿತ್ತು. ಸಾರಿಗೆ ಉದ್ಯಮಕ್ಕೆ ಸುಮಾರು 22 ಲಕ್ಷ ಚಾಲಕರ ಕೊರತೆಯಿದೆ ಎಂದು ಕೇಂದ್ರ ಸಚಿವಾಲಯವೂ ಹೇಳಿತು. ಓದಲು ಬಾರದ ಬಡ ಚಾಲಕನಿಗೆ ಅನ್ನದ ದಾರಿ ತೆರೆದದ್ದು ಸರಿಯೇ. ಆದರೆ ಹನ್ನೆರಡು ವರ್ಷ ಆ ನಿಯಮವಿದ್ದಾಗ ಅದರ ಹೆಸರಿನಲ್ಲಿ ಯಾವ ಹಳ್ಳಿಗೆ ಪ್ರೌಢಶಾಲೆ ಬಂತು? ಯಾವ ತಾಂಡಾಕ್ಕೆ ಬಸ್ಸು ಬಂತು? ಬಾಗಿಲು ಮುಚ್ಚುವಾಗಲೂ ತೆರೆಯುವಾಗಲೂ ಹುಡುಗನ ಶಾಲೆಯನ್ನು ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ.

ಈಗ ಕಾಯಿದೆಯ ಪುಸ್ತಕವನ್ನೇ ಬಿಚ್ಚೋಣ. 2010ರಿಂದ ಜಾರಿಯಲ್ಲಿರುವ ಶಿಕ್ಷಣ ಹಕ್ಕು ಕಾಯಿದೆ 6ರಿಂದ 14 ವರ್ಷದ ಮಕ್ಕಳಿಗೆ ಮಾತ್ರ. ಬೈಕಿನ ಲೈಸೆನ್ಸಿಗೆ 18 ತುಂಬಬೇಕು, ಲಾರಿಯ ಲೈಸೆನ್ಸಿಗೆ 20. ಶಾಲೆಯ ಹಕ್ಕು 14ಕ್ಕೆ ಮುಗಿಯಿತು, ಲಾರಿಯ ಹಕ್ಕು 20ಕ್ಕೆ ಬರುತ್ತದೆ. ನಡುವಿನ ಆರು ವರ್ಷ ಬಡವರ ಹುಡುಗ ಎಲ್ಲಿರಬೇಕು? ಸರ್ಕಾರ ಉತ್ತರ ಕೊಡಲಿಲ್ಲ, ಲಾರಿಯ ಧಣಿ ಕೊಟ್ಟ. ಟೈರು ಬಡಿದು ನೋಡು, ಗಾಜು ಒರಸು, ರಾತ್ರಿ ಡ್ರೈವರನಿಗೆ ನಿದ್ದೆ ಬಂದರೆ ನೀನೇ ಹಿಡಿ ಎಂದ.

ಹಾಜರಿ ಪುಸ್ತಕ ಹಿಡಿದು ಹೆಸರು ಕೂಗಿದವನು ನಾನು. ಒಂಬತ್ತನೇ ತರಗತಿಯಲ್ಲಿ ದಸರೆ ರಜೆ ಮುಗಿದ ಮೇಲೆ ಕೆಲವು ಹೆಸರಿಗೆ ‘ಹಾಜರ್ ಸಾರ್’ ಎಂಬ ಉತ್ತರ ಬರುತ್ತಿರಲಿಲ್ಲ. ಅವರ ಮನೆಗೆ ಹೋದರೆ ತಾಯಂದಿರು ಹೇಳಿದ್ದು ಒಂದೇ ಮಾತು: ‘ಸಾಲ ಐತಿ ಮೇಷ್ಟ್ರೇ, ಹುಡುಗ ಗಾಡಿಗೆ ಹೋಗ್ಯಾನ.’ ಆ ತಾಯಿಗೆ ನಾಲ್ಕು ವರ್ಷದ ನಂತರದ ಲೈಸೆನ್ಸಿನ ಬೆದರಿಕೆ ಹಾಕಿದರೆ ಈ ಶನಿವಾರದ ಸಂತೆಗೆ ದುಡ್ಡು ಬರುತ್ತದೆಯೆ?

ಸಂಡೂರು ನಮಗೆ ಪಾಠ ಕಲಿಸಿಲ್ಲವೆ? ಅದಿರಿನ ಸುಗ್ಗಿಯ ಕಾಲದಲ್ಲಿ ಹಗಲೂ ರಾತ್ರಿ ಲಾರಿ ಓಡಿದವು, ಕೆಂಪು ಧೂಳಿನಲ್ಲಿ ಶಾಲೆಯ ಗೋಡೆಯೂ ಕೆಂಪಾಯಿತು. ಹುಡುಗರು ಬೆಂಚು ಬಿಟ್ಟು ಕ್ಯಾಬಿನ್ ಹತ್ತಿದರು. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆಯನ್ನು ನಿಲ್ಲಿಸಿದಾಗ ಲಾರಿಗಳು ಸಾಲುಗಟ್ಟಿ ನಿಂತವು. ಧಣಿ ಲಾರಿ ಮಾರಿ ಬೇರೆ ವ್ಯಾಪಾರ ನೋಡಿಕೊಂಡ. ಹುಡುಗನಿಗೆ ಅತ್ತ ಸ್ಟೇರಿಂಗೂ ಇಲ್ಲ, ಇತ್ತ ಬೆಂಚೂ ಇಲ್ಲ.

ಹಾಗಾದರೆ ಎಳೆಯರು ರಸ್ತೆಯಲ್ಲಿ ಗಾಡಿ ಓಡಿಸಿ ಜೀವ ತೆಗೆಯಲಿ ಎನ್ನುತ್ತೀರಾ ಎಂದು ಕೇಳುವವರಿದ್ದಾರೆ. ಇಲ್ಲ. ವಯಸ್ಸಿನ ನಿಯಮ ಕಟ್ಟುನಿಟ್ಟಾಗಿ ನಡೆಯಲೇಬೇಕು. 2019ರ ತಿದ್ದುಪಡಿ ಅದಕ್ಕೆ ಹಲ್ಲನ್ನೂ ಕೊಟ್ಟಿದೆ. 18 ತುಂಬದವನು ಗಾಡಿ ಓಡಿಸಿ ಅಪರಾಧವಾದರೆ ಪೋಷಕನಿಗೆ ಅಥವಾ ಗಾಡಿಯ ಮಾಲೀಕನಿಗೆ ಮೂರು ವರ್ಷದವರೆಗೆ ಸೆರೆ, 25,000 ರೂಪಾಯಿ ದಂಡ, ಹನ್ನೆರಡು ತಿಂಗಳು ಗಾಡಿಯ ನೋಂದಣಿ ರದ್ದು. ಹುಡುಗನಿಗೆ 25 ತುಂಬುವವರೆಗೆ ಲೈಸೆನ್ಸ್ ಇಲ್ಲ. ಕಾಯಿದೆಯಲ್ಲಿ ಪೋಷಕನ ಹೆಸರೂ ಇದೆ, ಮಾಲೀಕನ ಹೆಸರೂ ಇದೆ. ಬೀದಿಯಲ್ಲಿ ಸಿಕ್ಕಿಬೀಳುವವನು ಮಾತ್ರ ಹೈಸ್ಕೂಲಿನ ಮುಂದೆ ಅಪ್ಪನ ಮೊಪೆಡ್ ತಂದ ಹುಡುಗ. ಹೊಸಪೇಟೆಯ ಸಕ್ಕರೆ ಕಾರ್ಖಾನೆ ಮುಚ್ಚಿದ ಮೇಲೆ ದೂರದ ಕಾರ್ಖಾನೆಗಳಿಗೆ ಕಬ್ಬು ಹೊತ್ತು ಹೋಗುವ ಟ್ರಾಕ್ಟರಿನ ಮೇಲೆ ಮೀಸೆ ಮೂಡದ ಹುಡುಗ ಕೂತಿದ್ದರೆ, ಮಾಲೀಕನ ಮನೆಯ ಬಾಗಿಲು ಬಡಿಯುವ ಪೇದೆಯನ್ನು ನಾನಂತೂ ಕಂಡಿಲ್ಲ.

ಗಾಡಿಗೂ ಶಾಲೆಗೂ ಗಂಟು ಹಾಕಲೇಬೇಕಾದರೆ ಧಣಿಯ ಪರ್ಮಿಟ್ಟಿಗೆ ಹಾಕಿರಿ. ಶಾಲೆಯಲ್ಲಿರಬೇಕಾದ ವಯಸ್ಸಿನ ಹುಡುಗನನ್ನು ಲಾರಿ, ಟ್ರಾಕ್ಟರಿನ ಕೆಲಸಕ್ಕೆ ಹಚ್ಚಿದವನ ಪರ್ಮಿಟ್ ಮೊದಲು ಹೋಗಲಿ. ಶಿಕ್ಷಣದ ಹಕ್ಕು ಎಂಟನೇ ತರಗತಿಗೆ ನಿಲ್ಲದೆ 18 ವರ್ಷದವರೆಗೆ ಬೆಳೆಯಲಿ. 2006-07ರಲ್ಲಿ ಆರಂಭವಾಗಿ ಎಂಟನೇ ತರಗತಿಯ ಮಕ್ಕಳಿಗೆ ಸೈಕಲ್ ಕೊಟ್ಟ ಯೋಜನೆಯೇ ನಮ್ಮ ನಾಡು ಗಾಲಿಗೂ ಶಾಲೆಗೂ ಹಾಕಿದ ಒಳ್ಳೆಯ ಗಂಟು. ಕೋವಿಡ್ ಕಾಲದಲ್ಲಿ ಅದು ನಿಂತದ್ದು ನಾಚಿಕೆಗೇಡು. ಸೈಕಲ್ ವರ್ಷವರ್ಷವೂ ತಪ್ಪದೆ ಬರಬೇಕು. 2023ರಿಂದ ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ ಇಲ್ಲ. ಶಾಲೆಗೆ ಹೋಗುವ ಬಡ ಹುಡುಗನಿಗೂ ಬೇಡ. ಹಣವೆಲ್ಲಿ ಎಂದರೆ, ಗಣಿ ಪ್ರದೇಶದ ಜನರಿಗಾಗಿಯೇ 2015ರ ಕಾಯಿದೆಯಂತೆ ಹುಟ್ಟಿದ ಜಿಲ್ಲಾ ಖನಿಜ ಪ್ರತಿಷ್ಠಾನವಿದೆ. ಶಿಕ್ಷಣ ಅದರ ಆದ್ಯತೆಯ ಬಾಬತ್ತು. ಸಂಡೂರಿನ ಗುಡ್ಡ ಕರಗಿಸಿ ಬಂದ ಹಣ ಸಂಡೂರಿನ ಹುಡುಗನ ಹಾಸ್ಟೆಲ್ಲಿಗೆ ಬರದಿದ್ದರೆ ಇನ್ನೆಲ್ಲಿಗೆ ಹೋಗಬೇಕು?

ಹಂಪಿ ನೋಡಲು ದೇಶದೇಶದ ಜನ ಬರುತ್ತಾರೆ, ಅವರನ್ನು ನಮ್ಮ ಹುಡುಗರು ಆಟೋದಲ್ಲಿ ಕೂರಿಸಿ ಕಲ್ಲಿನ ರಥ ತೋರಿಸುತ್ತಾರೆ. ಆ ರಥದ ಗಾಲಿ ಉರುಳುವುದಿಲ್ಲ. ನಮ್ಮ ಶಿಕ್ಷಣವೂ ಹಾಗೆಯೇ ನೋಡುವುದಕ್ಕೆ ಚೆಂದ, ಬಡವನನ್ನು ಹೊತ್ತು ಮುಂದೆ ಸಾಗದು. ಅದನ್ನು ಉರುಳಿಸುವ ಕೆಲಸ ಬಿಟ್ಟು, ರಥದ ಕೆಳಗೆ ನಿಂತ ಹುಡುಗನ ಕೈ ಕಟ್ಟಲು ಹೊರಟವರನ್ನು ತಡೆಯುವುದು ನಮ್ಮ ಕರ್ತವ್ಯ. ಸಂಗಾತಿಗಳೇ, ನಿಮ್ಮ ಊರಿನಲ್ಲಿ ಒಂಬತ್ತನೇ ತರಗತಿಯಿಂದ ಕಾಣೆಯಾದ ಹೆಸರುಗಳ ಪಟ್ಟಿ ಮಾಡಿರಿ. ಪ್ರತಿ ಹೆಸರಿನ ಮುಂದೆ ಅವನು ಹತ್ತಿದ ಗಾಡಿಯ ನಂಬರು ಬರೆಯಿರಿ. ಆ ಪಟ್ಟಿ ಹಿಡಿದೇ ತಾಲ್ಲೂಕು ಕಚೇರಿಯ ಮೆಟ್ಟಿಲು ಹತ್ತೋಣ.