ಗೋಮಾಳ ಉಳಿದರೆ ತೋಳವೂ ಉಳಿದೀತು

ಸ್ಕಾಟ್ಲೆಂಡಿನಲ್ಲಿ ಸಾವಿರಾರು ಎಕರೆಯ ಒಡೆಯನೊಬ್ಬ ಮನಸ್ಸು ಮಾಡಿದರೆ ಇಡೀ ಬೆಟ್ಟಸಾಲನ್ನೇ ಮತ್ತೆ ಕಾಡಿಗೆ ಬಿಡಬಹುದು. ನಮ್ಮ ಮಂಡ್ಯ ಜಿಲ್ಲೆಯ ಅಕ್ಕಿಹೆಬ್ಬಾಳಿನ ಸೀಮೆಯಲ್ಲಿ ಆ ಮಾತು ನಡೆಯದು. ಇಲ್ಲಿ ಜಮೀನು ಗುಂಟೆ ಲೆಕ್ಕಕ್ಕೆ ಬಂದು ನಿಂತಿದೆ. ಪೌತಿ ಖಾತೆಯಾಗದೆ ಅಜ್ಜನ ಹೆಸರಿನಲ್ಲೇ ಉಳಿದ ಪಹಣಿಗಳೂ ಇವೆ. 1974ರ ಭೂಸುಧಾರಣೆ ಉಳುವವನನ್ನು ಒಡೆಯನನ್ನಾಗಿ ಮಾಡಿದ್ದು ನ್ಯಾಯವೇ. ಆ ನ್ಯಾಯವನ್ನು ಹಿಂದಕ್ಕೆ ತಿರುಗಿಸಿ, ಹಣವಂತರು ಹೊಲಗಳನ್ನು ಕೊಂಡು ಬೇಲಿ ಹಾಕಿ ಕಾಡು ಬೆಳೆಸುವ ದಾರಿ ನಮಗೆ ಬೇಡ. ಅದೇ ವರ್ಷ ತೋಳಕ್ಕೆಂದು ಘೋಷಿಸಿದ ಮೇಲುಕೋಟೆ ವನ್ಯಧಾಮವೂ ಒಂದೇ ಸಾಲದು. ಅದರ ವಿಸ್ತೀರ್ಣ 50 ಚದರ ಕಿಲೋಮೀಟರಿಗೂ ತುಸು ಕಡಿಮೆ. ತೋಳ ಬಯಲಿನ ಪ್ರಾಣಿ; ಗಡಿಕಲ್ಲು ದಾಟಿ ಗೋಮಾಳ, ಬೀಳುಭೂಮಿಗಳಲ್ಲಿ ಕುರಿಹಿಂಡಿನ ಜಾಡು ಹಿಡಿದು ಅಲೆಯುತ್ತದೆ. ಹಾಗಾಗಿ ಪ್ರಶ್ನೆ ಕಾಡಿನದಲ್ಲ, ಗೋಮಾಳದ್ದು.

ನೂರು ದನಕ್ಕೆ 30 ಎಕರೆ ಗೋಮಾಳ ಉಳಿಸಬೇಕೆಂದು ಕಂದಾಯ ನಿಯಮವೇ ಹೇಳುತ್ತದೆ. ಆದರೂ ಯಾರದೂ ಅಲ್ಲದ ನೆಲವೆಂದು ಭಾವಿಸಿ ನಿವೇಶನಕ್ಕೆ, ಕಟ್ಟಡಕ್ಕೆ ಮೊದಲು ಕೈ ಹಾಕುವುದು ಗೋಮಾಳಕ್ಕೇ. ಹಸಿರು ಮಾಡುವ ಉತ್ಸಾಹದಲ್ಲಿ ಹುಲ್ಲುಗಾವಲಿಗೆ ನೀಲಗಿರಿ ನೆಟ್ಟರೂ ತೋಳದ ಪಾಲಿಗೆ ಅದು ಒತ್ತುವರಿಯೇ. ಇದಕ್ಕೆ ದಾರಿ ನಮ್ಮ ಜಿಲ್ಲೆಯಲ್ಲೇ ಇದೆ. ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನಲ್ಲಿ ಹೆಜ್ಜಾರ್ಲೆಗಳು ಗೂಡು ಕಟ್ಟುವುದು ಊರವರ ಹುಣಸೆ ಮರಗಳಲ್ಲಿ. ಮರದ ಒಡೆತನ ರೈತನದೇ. ಕಾಯಿ ಬಿಟ್ಟುಕೊಟ್ಟದ್ದಕ್ಕೆ ಅರಣ್ಯ ಇಲಾಖೆ ಪರಿಹಾರ ಕೊಡುತ್ತದೆ. ಊರು ಸಮುದಾಯ ಮೀಸಲು ಪ್ರದೇಶವಾಗಿದೆ. ಸರ್ಕಾರಿ ನೆಲಕ್ಕೂ ವನ್ಯಜೀವಿ ಕಾಯ್ದೆಯ 2002ರ ತಿದ್ದುಪಡಿ ಸಂರಕ್ಷಣಾ ಮೀಸಲಿನ ಅವಕಾಶ ಕೊಟ್ಟಿದೆ. ಅದರ ಸಮಿತಿಯಲ್ಲಿ ಗ್ರಾಮ ಪಂಚಾಯಿತಿಗೂ ಸ್ಥಾನವಿದೆ. ಮೇಲುಕೋಟೆಯ ಸುತ್ತಲ ಗೋಮಾಳಗಳನ್ನು ಮೇವಿನ ಹಕ್ಕು ಕಳೆಯದೆ ಹೀಗೆ ಜೋಡಿಸಬಹುದು.

ಭೂಮಿಯಿಲ್ಲದವರ ಬಾಯಿಗೆ ಮಣ್ಣು ಹಾಕಿ ತೋಳಕ್ಕೆ ನೆಲವೇ ಎಂಬ ಆಕ್ಷೇಪ ಹಗುರವಾದದ್ದಲ್ಲ. ಬಗರ್ ಹುಕುಂ ಸಾಗುವಳಿಯ ಅರ್ಹ ಅರ್ಜಿಗಳು ಮೊದಲು ಇತ್ಯರ್ಥವಾಗಲಿ, ಉಳಿದದ್ದಕ್ಕೆ ಹದ್ದುಬಸ್ತಾಗಲಿ. ಆದರೆ ಭೂಮಿಯಿಲ್ಲದ ಕುರಿಗಾಹಿಗೆ ಗೋಮಾಳವೇ ಹೊಲ ಎಂಬುದನ್ನು ಮರೆಯಬಾರದು. ಅದು ಕರಗಿದರೆ ಮೊದಲು ಬಡವಾಗುವವನು ಅವನು. ತೋಳ ಕುರಿ ಹಿಡಿಯುತ್ತದೆ ಎಂಬುದೂ ನಿಜ. ನಾಡಿಗೆಲ್ಲ ಬೇಕಾದ ತೋಳವನ್ನು ಅವನೊಬ್ಬನ ಖರ್ಚಿನಲ್ಲಿ ಸಾಕಿಸುವುದು ತಪ್ಪು. ಮುಂದಿನ ಸಂತೆಯಲ್ಲಿ ಬೇರೆ ಮರಿ ಕೊಳ್ಳುವಷ್ಟು ಬೇಗ ಪರಿಹಾರ ಅವನ ಕೈ ಸೇರಬೇಕು. ಅಷ್ಟಾದರೆ ಗೋಮಾಳಕ್ಕೆ ಬೇಲಿ ಬೇಕಿಲ್ಲ, ಕಾಯುವವನು ಅಲ್ಲೇ ಇರುತ್ತಾನೆ.